ನೆಲದ ಸಾಕ್ಷಿ: ಕಲಘಟಗಿ ಸೀಮೆಯ ಸಿದ್ದಿಗಳು

ಧಾರವಾಡ ಜಿಲ್ಲೆಯನ್ನು ಪೂರ್ವದ ತುದಿಯಿಂದ ಪಶ್ಚಿಮಕ್ಕೆ ನೋಡುತ್ತ ಬಂದವರಿಗೆ ಅದು ಒಂದೇ ಸೀಮೆಯೆಂದು ತೋರುವುದು ಸರಕಾರದ ನಕಾಶೆಯಲ್ಲಿ ಮಾತ್ರ. ಅಣ್ಣಿಗೇರಿ, ನವಲಗುಂದಗಳ ಸುತ್ತಲೂ ದೃಷ್ಟಿ ಹರಿಯುವಷ್ಟು ದೂರ ಎರಿಭೂಮಿ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದೆ, ಬೇಸಗೆಯಲ್ಲಿ ಆಳವಾಗಿ ಬಿರಿದು, ಹಿಂಗಾರಿಯ ಕಡಲೆ, ಜೋಳ, ಕುಸುಬೆಗಳನ್ನು ತನ್ನೊಡಲಲ್ಲಿ ಉಳಿಸಿಕೊಂಡ ತೇವದಿಂದಲೇ ಬೆಳೆಯಿಸಬಲ್ಲ ಕಪ್ಪು ಮಣ್ಣು ಅದು. ಕುಂದಗೋಳದ ಕಡೆಗೆ ಹೊರಳಿದರೆ ಹತ್ತಿಗೂ ಮೆಣಸಿನಕಾಯಿಗೂ ಹೆಸರಾದ ಹೊಲಗಳು. ಹುಬ್ಬಳ್ಳಿಯನ್ನು ದಾಟಿ ಕಾರವಾರದ ಹೆದ್ದಾರಿಯನ್ನು ಹಿಡಿದರೆ ಮಾತ್ರ ಮಣ್ಣಿನ ಬಣ್ಣ ಕೆಂಪಿಗೆ ತಿರುಗಿ, ಕೆರೆಗಳು ಹೆಚ್ಚಾಗಿ, ಸಸಿ ನೆಡದೆ ಕೂರಿಗೆಯಿಂದಲೇ ಭತ್ತವನ್ನು ಬಿತ್ತುವ ಗದ್ದೆಗಳು ಕಾಣಿಸಿಕೊಂಡು, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯು ಬೇಡ್ತಿಯ ಹೆಸರನ್ನು ಪಡೆದು ಘಟ್ಟದ ಕಡೆಗೆ ಹರಿಯುವ ಕಲಘಟಗಿಯ ಮಲ್ಲಾಡ ಆರಂಭವಾಗುತ್ತದೆ. ಬಣ್ಣದ ತೊಟ್ಟಿಲುಗಳಿಗಾಗಿ ನಾಡೆಲ್ಲ ಬಲ್ಲ ಈ ಊರಿನ ತಾಲ್ಲೂಕಿನಲ್ಲಿಯೇ, ಅಡವಿಯ ಅಂಚಿನ ಕೇರಿಗಳಲ್ಲಿ, ಸಿದ್ದಿಗಳೂ ಗೌಳಿಗಳೂ ವಾಸವಾಗಿದ್ದಾರೆ.

ನೆಲದ ಮೂಲನಿವಾಸಿಗಳು ಯಾರು ಎಂಬ ಪ್ರಶ್ನೆಯನ್ನು ಇಂದು ಜಗತ್ತಿನ ಎಲ್ಲ ಖಂಡಗಳಲ್ಲಿಯೂ ಕೇಳುತ್ತಿರುವರು. ಅದನ್ನು ನಮ್ಮ ಜಿಲ್ಲೆಯಲ್ಲಿ ಕೇಳಹೊರಟರೆ ಸಿಕ್ಕುವ ಉತ್ತರ ವಿಚಿತ್ರವಾದದ್ದು. ಕಾಯಿದೆಯ ಕಣ್ಣಿನಲ್ಲಿ ಇಲ್ಲಿಯ ಗಿರಿಜನರ ಪಟ್ಟಿಗೆ ಈಚೆಗೆ ಸೇರ್ಪಡೆಯಾದ ಸಮುದಾಯವು, ತನ್ನ ಪೂರ್ವಿಕರು ಸಮುದ್ರದಾಚೆಯ ಆಫ್ರಿಕದಿಂದ ಬಂದವರೆಂಬುದನ್ನು ಮುಖಚರ್ಯೆಯಲ್ಲಿಯೇ ಹೊತ್ತಿರುವ ಸಮುದಾಯ. ಸಿದ್ದಿಗಳ ರಕ್ತಸಂಬಂಧವು ಬಾಂಟು ಭಾಷೆಗಳನ್ನಾಡುವ ಆಫ್ರಿಕದ ಜನರೊಡನೆ ಇದೆಯೆಂದು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮೊದಲು ಬಂದವರಿಗೇ ನೆಲವೆಂಬ ವಾದವನ್ನು ಹಿಡಿದರೆ ಸಿದ್ದಿಗಳಿಗೆ ಇಲ್ಲಿ ಎಡೆಯಿಲ್ಲ. ಆ ವಾದವನ್ನು ಸ್ವಲ್ಪ ದೂರ ಎಳೆದರೆ ನಮ್ಮಲ್ಲಿ ಬಹುಜನರಿಗೂ ಎಡೆಯಿರಲಾರದೆಂಬುದು ಬೇರೆ ಮಾತು.

ದಕ್ಖನಿನ ಚರಿತ್ರೆಯಲ್ಲಿ ಆಫ್ರಿಕದವರು ಅಪರಿಚಿತರಲ್ಲ. ಇಥಿಯೋಪಿಯದಲ್ಲಿ ಹುಟ್ಟಿ ದಾಸನಾಗಿ ಮಾರಲ್ಪಟ್ಟು ಕೊನೆಗೆ ಅಹಮದನಗರದ ರಾಜ್ಯಸೂತ್ರವನ್ನೇ ಹಿಡಿದು 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನ ಕಥೆಯನ್ನು ಶಾಲೆಯ ಮಕ್ಕಳೂ ಓದಿರುತ್ತಾರೆ. ಈ ಧಾರವಾಡ ಸೀಮೆಯನ್ನೂ ಆಳಿದ ಬಿಜಾಪುರದ ಆದಿಲಶಾಹಿಯಲ್ಲಿ ಮಹಮ್ಮದ ಆದಿಲಶಹನ ಕಾಲಕ್ಕೆ ಮಂತ್ರಿಪದವಿಗೇರಿದ ಇಖಲಾಸಖಾನನೂ ಹಬಶಿಯೇ. ಆದರೆ ಆಸ್ಥಾನದ ಹಬಶಿಗಳಿಗೆ ಚಿತ್ರಕಾರರಿದ್ದರು, ತವಾರೀಖುಗಳನ್ನು ಬರೆಯುವವರಿದ್ದರು. ಗೋವೆಯ ಪೋರ್ತುಗೀಜರ ಮನೆಗಳಲ್ಲಿ ದಾಸ್ಯಕ್ಕೆ ಬಿದ್ದು, ಹೊಡೆತ ತಾಳಲಾರದೆ ರಾತ್ರಿಯಲ್ಲಿ ಗಡಿಯನ್ನು ದಾಟಿ ಘಟ್ಟದ ಅಡವಿಯನ್ನು ಸೇರಿದವರಿಗೆ ಅಂತಹವರು ಯಾರೂ ಇರಲಿಲ್ಲ. ಓಡಿಹೋದವನು ತನ್ನ ಹೆಜ್ಜೆಯ ಗುರುತನ್ನು ಅಳಿಸಿಕೊಂಡೇ ಓಡುತ್ತಾನಾದುದರಿಂದ, ಬದುಕಿ ಉಳಿಯಲು ಮಾಡಿದ ಆ ಜಾಣತನವೇ ಮೊಮ್ಮಕ್ಕಳ ಕಾಲಕ್ಕೆ, ನೀವು ಎಂದಿನಿಂದ ಇಲ್ಲಿರುವಿರಿ, ಕಾಗದವೆಲ್ಲಿ ಎಂದು ಕಚೇರಿಗಳು ಕೇಳುವಂತಾದಾಗ ಮುಳುವಾಗಿ ಪರಿಣಮಿಸಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೊಯಿಡಾ, ಖಾನಾಪುರ, ಕಲಘಟಗಿ, ಹೀಗೆ ಇಂದು ಮೂರು ಜಿಲ್ಲೆಗಳಿಗೆ ಹಂಚಿಹೋದ ತಾಲ್ಲೂಕುಗಳ ಅಡವಿಯಂಚಿನಲ್ಲಿ ಅವರು ನೆಲೆನಿಂತರು. ಸುತ್ತಲಿನ ಜನರ ಧರ್ಮಗಳಿಗೆ ಅನುಸಾರವಾಗಿ ಹಿಂದೂ, ಕ್ರೈಸ್ತ, ಮುಸಲ್ಮಾನ ಎಂದು ಮೂರು ಬಗೆಯಾದರು. ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು.

ಎರಿಭೂಮಿಯ ರೈತನ ಸ್ಥಿತಿ ಇದಕ್ಕೆ ವಿರುದ್ಧವಾದುದು. 1840ರ ದಶಕದಲ್ಲಿ ವಿಂಗೇಟ್ ಎಂಬ ಇಂಗ್ಲಿಷ್ ಅಧಿಕಾರಿಯ ನೇತೃತ್ವದಲ್ಲಿ ಧಾರವಾಡ ಜಿಲ್ಲೆಯ ಹೊಲಗಳನ್ನು ಸರಪಳಿ ಹಿಡಿದು ಅಳೆದು, ಪ್ರತಿಯೊಂದಕ್ಕೂ ಸರ್ವೇ ನಂಬರನ್ನು ಕೊಟ್ಟು, ಮಣ್ಣಿನ ಗುಣವನ್ನು ನೋಡಿ ಆಕಾರವನ್ನು ನಿಗದಿಮಾಡಿದಂದಿನಿಂದ ನವಲಗುಂದದ ರೈತನಿಗೆ ತನ್ನ ನೆಲದ ಕುರಿತು ಕಾಗದವೊಂದು ದೊರೆಯಿತು. ಉತಾರ ಎಂದು ಈ ಕಡೆಯವರು ಕರೆಯುವ ಆ ಕಾಗದಕ್ಕಾಗಿ ಅವನು ತಹಶೀಲದಾರ ಕಚೇರಿಯ ಮೆಟ್ಟಿಲುಗಳನ್ನು ಸವೆಸಿರಬಹುದು, ತಲಾಟಿಯ ಕೈಯನ್ನು ಬೆಚ್ಚಗೆ ಮಾಡಿರಬಹುದು, ಅಣ್ಣತಮ್ಮಂದಿರೊಡನೆ ಧಾರವಾಡದ ಕೋರ್ಟಿನಲ್ಲಿ ಬಡಿದಾಡಿರಬಹುದು. ಆದರೆ ನೆಲವು ಅವನದೆಂಬ ಮೂಲದ ಮಾತನ್ನು ಸರಕಾರವು ಒಪ್ಪಿಕೊಂಡಿತ್ತು. ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರವನ್ನು ಪ್ರತಿಭಟಿಸಿ ನವಲಗುಂದ, ನರಗುಂದಗಳ ರೈತರು ಎದ್ದುನಿಂತು, 1980ರ ಜುಲೈ 21ರಂದು ಗುಂಡಿಗೆ ಎದೆಯೊಡ್ಡಿದಾಗಲೂ ಅಲ್ಲಿ ನಡೆದ ವಾದವು ನೆಲದ ಮೇಲೆ ಸರಕಾರಕ್ಕೆ ಎಷ್ಟು ಸಲ್ಲಬೇಕೆಂಬುದನ್ನು ಕುರಿತದ್ದೇ ಹೊರತು ನೆಲ ಯಾರದೆಂಬುದನ್ನು ಕುರಿತದ್ದಲ್ಲ.

ಈ ರೈತನಿಗೆ ನೆಲದೊಡನೆ ಇರುವ ಸಂಬಂಧವು ಕಾಗದದಿಂದ ಹುಟ್ಟಿದುದೆಂದು ನಾನು ಹೇಳುತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಅದೇ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುವುದು, ಸೀಗಿ ಹುಣ್ಣಿವೆಗೆ ತೆನೆಗಟ್ಟುವ ಹೊಲವನ್ನು ಬಸುರಿಯೆಂದು ಭಾವಿಸಿ ಬಯಕೆಯೂಟವನ್ನು ಹೊತ್ತೊಯ್ಯುವುದು, ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಕೈಮುಗಿದು ಕಡುಬು, ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಯ ಎಣಗಾಯಿಗಳ ಚರಗವನ್ನು ನಾಲ್ಕು ದಿಕ್ಕಿಗೂ ಚೆಲ್ಲಿ ತಾವು ಬದುವಿನ ಮೇಲೆ ಕುಳಿತು ಉಣ್ಣುವುದು, ಎಳ್ಳಮಾಸಿಗೆ ಹಿಂಗಾರಿಯ ಹೊಲದಲ್ಲಿ ಮತ್ತೆ ಅದೇ ಉತ್ಸಾಹದಿಂದ ನೆಂಟರಿಷ್ಟರನ್ನೆಲ್ಲ ಕೂಡಿಸುವುದು, ಇವೆಲ್ಲ ವಿಂಗೇಟನ ಸರಪಳಿಗಿಂತ ಎಷ್ಟೋ ಹಳೆಯವು. ಆದರೆ ಎರಿಯ ರೈತನ ಪುಣ್ಯವೆಂದರೆ ಅವನ ಪೂಜೆಯ ಸೀಮೆಯೂ ಸರ್ವೇಯ ಸೀಮೆಯೂ ಒಂದೇ ಬದುವಿನಲ್ಲಿ ಕೂಡಿಬಂದವು. ಚರಗ ಚೆಲ್ಲಿದ ಹೊಲವೇ ಉತಾರದಲ್ಲಿಯೂ ಅವನ ಹೆಸರಿಗಿತ್ತು. ಮಲ್ಲಾಡದ ಅಂಚಿನವನಿಗೆ ಹೀಗಾಗಲಿಲ್ಲ. ಸರ್ವೇ ನಂಬರುಗಳು ಮುಗಿದಲ್ಲಿಂದ ಕಾಯ್ದಿಟ್ಟ ಅರಣ್ಯವೆಂಬ ಗೆರೆ ಆರಂಭವಾಯಿತು. 1878ರ ಅರಣ್ಯ ಕಾಯಿದೆ, ಆಮೇಲೆ 1927ರದು, ಇವೆರಡೂ ಆ ಗೆರೆಯನ್ನು ಗಟ್ಟಿಮಾಡಿದವು. ಅದರೊಳಗೆ ಬಿತ್ತಿದವನು, ಮೇಯಿಸಿದವನು, ಸೌದೆ ಕಡಿದವನು ಅತಿಕ್ರಮಣಕಾರನೆನಿಸಿದನು. ಅವನ ಅಜ್ಜನು ಅಲ್ಲಿ ಹೂಳಲ್ಪಟ್ಟಿದ್ದನೆಂಬುದನ್ನು ಆ ದಫ್ತರಗಳಲ್ಲಿ ಬರೆಯಲು ಕಲಮೇ ಇರಲಿಲ್ಲ.

ಸಿದ್ದಿಗಳು ಆ ಅಡವಿಯಲ್ಲಿ ಮಾಡಿಕೊಂಡ ಬದುಕನ್ನು ನೋಡಬೇಕು. ಜೇನಿನ ಹುಟ್ಟನ್ನು ಇಳಿಸುವುದರಲ್ಲಿ ಅವರದು ಒಂದು ಕೈ ಮೇಲು. ಸೀಗೆ, ಅಂಟವಾಳ, ಮುರುಗಲಗಳನ್ನು ಆಯ್ದು ತರುವರು. ಬಿದಿರಿನ ಬುಟ್ಟಿ ಹೆಣೆಯುವರು. ಅಡವಿಯ ಮಗ್ಗುಲಿಗೆ ಹಸನುಮಾಡಿಕೊಂಡ ತುಣುಕು ನೆಲದಲ್ಲಿ ಭತ್ತ ಬೆಳೆಯುವರು. ಉಳಿದ ದಿನಗಳಲ್ಲಿ ಊರಿನ ಜಮೀನುದಾರರ ಹೊಲತೋಟಗಳಲ್ಲಿ ಕೂಲಿಗೆ ಹೋಗುವರು. ಈ ಕೂಲಿಯು ಎಷ್ಟೋ ಕಡೆ ಸಾಲದ ಜೀತವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದುದೆಂಬುದನ್ನು ಮುಚ್ಚಿಡುವ ಕಾರಣವಿಲ್ಲ. ಗೋವೆಯ ದಾಸ್ಯವನ್ನು ತಪ್ಪಿಸಿಕೊಂಡು ಬಂದವರ ಮಕ್ಕಳಿಗೆ ಘಟ್ಟದ ಮೇಲೆಯೂ ಅದರ ತಮ್ಮನೊಬ್ಬನು ಕಾದಿದ್ದನು.

ಆದರೂ ಅವರ ಮನೆಯ ಒಳಗೆ ಇನ್ನೊಂದು ಲೋಕವಿದೆ. ಹಿಂದೂ ಸಿದ್ದಿಗಳಲ್ಲಿ ಸತ್ತವರನ್ನು ಮನೆಯಿಂದ ಹೊರಗೆ ಕಳಿಸಿಬಿಡುವ ಪದ್ಧತಿಯಿಲ್ಲ. ಹಿರಿಯರೆಂದು ಅವರ ಹೆಸರಿನಲ್ಲಿ ತೆಂಗಿನಕಾಯನ್ನಿಟ್ಟು, ಕಾಲಕಾಲಕ್ಕೆ ಎಡೆಯಿಟ್ಟು, ಬಂಧುಬಳಗವನ್ನು ಕೂಡಿಸಿ, ಮನೆಯ ಸುಖದುಃಖಗಳನ್ನು ಅವರಿಗೆ ನಿವೇದಿಸುವರು. ನೆಲವನ್ನು ಬಿಟ್ಟು ಹೋಗೆಂದರೆ ಅವರು ತಾವು ಮಾತ್ರ ಹೋಗುವಂತಿಲ್ಲ, ಈ ಹಿರಿಯರನ್ನೂ ಎಬ್ಬಿಸಿಕೊಂಡು ಹೋಗಬೇಕು. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ ಎಂಬ ದೈವದ ಸ್ಥಾನವಿದ್ದು, ಅಲ್ಲಿಯ ಉತ್ಸವಕ್ಕೆ ಮೂರು ಧರ್ಮಗಳ ಸಿದ್ದಿಗಳೂ ಬಂದು ಸೇರುವರು. ಹಬ್ಬದ ರಾತ್ರಿಗಳಲ್ಲಿ ಡಮಾಮಿ ಬಾರಿಸುವರು. ಚರ್ಮವಾದ್ಯದ ಆ ಗಡುಸು ಗತಿಗೆ ಹೆಂಗಸರು ಗಂಡಸರೆನ್ನದೆ ಕುಣಿಯುವಾಗ, ಸಮುದ್ರದಾಚೆಯದೊಂದು ನೆನಪು ಉಳಿದಿದ್ದರೆ ಅದು ಮಾತಿನಲ್ಲಲ್ಲ, ಈ ಲಯದಲ್ಲಿ ಎಂದು ಯಾರಿಗಾದರೂ ಅನ್ನಿಸದಿರದು. ಎಂಬತ್ತರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆಯವರು ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಮಂಚೀಕೇರಿಯ ಸಿದ್ದಿಗಳಿಂದಲೇ ಕನ್ನಡದಲ್ಲಿ ಆಡಿಸಿದುದು ಇಂತಹ ಒಂದು ಅನ್ನಿಸಿಕೆಯ ಫಲವಾಗಿದ್ದಿರಬೇಕು.

ಹೆಂಗಸರ ಕೈಯ ಕವಂದಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಕೌದಿಯ ಬಳಗದ್ದೇ ಅದು. ಹರಿದ ಸೀರೆ, ಕುಪ್ಪಸ, ಅಂಗಿಗಳ ತುಣುಕುಗಳನ್ನು ಕೂಡಿಸಿ ಅಂಚಿನಿಂದ ಹೊರಟು ನಡುವಿನ ಕಡೆಗೆ ಸುತ್ತುಸುತ್ತಾಗಿ ಹೊಲಿಗೆಯ ಸಾಲುಗಳನ್ನು ತರುತ್ತಾರೆ. ಕಡೆಯಲ್ಲಿ ನಾಲ್ಕು ಮೂಲೆಗಳಿಗೂ ಮುಕ್ಕೋನದ ಬಟ್ಟೆಗಳನ್ನು ಮಡಿಸಿ ಫೂಲಗಳನ್ನು ಇಡುತ್ತಾರೆ. ಫೂಲವಿಲ್ಲದ ಕವಂದಿಯನ್ನು ಬತ್ತಲೆಯೆಂದೇ ಎಣಿಸುತ್ತಾರೆ. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಡ್ರೂಯಲ್ ಇವುಗಳ ಮೇಲೆ ವಿಸ್ತಾರವಾಗಿ ಬರೆದ ಬಳಿಕ ಕವಂದಿಗಳು ವಿದೇಶದ ಪ್ರದರ್ಶನಶಾಲೆಗಳ ಗೋಡೆಯನ್ನು ಏರಿದವು. ಹೊಲಿದವಳು ಮಲಗುವ ನೆಲದ ಮೇಲಿನ ಹಕ್ಕು ಇನ್ನೂ ಇತ್ಯರ್ಥವಾಗದಿರುವಾಗ ಅವಳ ಹೊದಿಕೆಗೆ ಗಾಜಿನ ಚೌಕಟ್ಟು ದೊರೆಯಿತೆಂಬುದರಲ್ಲಿ ಇರುವ ವ್ಯಂಗ್ಯವನ್ನು ನಾನು ಬಿಡಿಸಿ ಹೇಳುವುದಿಲ್ಲ.

ಇನ್ನು ಪಟ್ಟಿಯ ಕಥೆ. ಸಂವಿಧಾನದ 342ನೆಯ ಅನುಚ್ಛೇದದ ಮೇರೆಗೆ ಪರಿಶಿಷ್ಟ ಪಂಗಡಗಳ ಪಟ್ಟಿಯು ರಾಜ್ಯಕ್ಕೊಂದು. ಒಂದು ಸಮುದಾಯವನ್ನು ಒಂದು ಜಿಲ್ಲೆಯಲ್ಲಿ ಗಿರಿಜನರೆಂದೂ ಪಕ್ಕದ ಜಿಲ್ಲೆಯಲ್ಲಿ ಅಲ್ಲವೆಂದೂ ಎಣಿಸುವ ಹಳೆಯ ಪ್ರಾದೇಶಿಕ ನಿರ್ಬಂಧಗಳನ್ನು ಸಂಸತ್ತು 1976ರ ಕಾಯಿದೆಯಿಂದ ಬಹುಮಟ್ಟಿಗೆ ತೆಗೆದುಹಾಕಿತ್ತು. ಹೀಗಿದ್ದೂ 2003ರ ಜನವರಿಯಲ್ಲಿ ಸಿದ್ದಿಗಳು ಪಟ್ಟಿಗೆ ಸೇರಿದಾಗ ಅವರ ಹೆಸರಿನ ಮಗ್ಗುಲಲ್ಲಿ ಉತ್ತರಕನ್ನಡ ಜಿಲ್ಲೆಯಲ್ಲಿ ಎಂಬ ಮಾತನ್ನು ಕಂಸದೊಳಗೆ ಇಡಲಾಯಿತು. ಇದಕ್ಕೆ ಪಂಡಿತರ ಪುಸ್ತಕಗಳೂ ಒಂದಿಷ್ಟು ಕಾರಣವಾಗಿದ್ದಿರಬಹುದೇ ಎಂದು ನನಗೆ ಸಂದೇಹ. ಸಿದ್ದಿಗಳ ಕುರಿತ ಮೊದಲ ಮುಖ್ಯ ಮಾನವಶಾಸ್ತ್ರೀಯ ಅಧ್ಯಯನಗಳಲ್ಲೊಂದನ್ನು ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದಾಗ ಅದರ ಹೆಸರೇ ಉತ್ತರಕನ್ನಡದ ಸಿದ್ದಿಗಳು ಎಂದಿತ್ತು. ಕಾರಣ ಏನೇ ಇರಲಿ, ಪರಿಣಾಮವು ಹೀಗಾಯಿತು: ಯಲ್ಲಾಪುರದ ಅಣ್ಣನು ಪರಿಶಿಷ್ಟ ಪಂಗಡದವನು, ಜಿಲ್ಲೆಯ ಗಡಿಯನ್ನು ದಾಟಿ ಕಲಘಟಗಿಯಲ್ಲಿ ಮನೆಮಾಡಿದ ತಮ್ಮನು ಅಲ್ಲ, ಮುಂಡಗೋಡದಿಂದ ಕಲಘಟಗಿಗೆ ಸೊಸೆಯಾಗಿ ಬಂದವಳ ಮಕ್ಕಳಿಗೆ ತಾಯಿಯ ತವರಿನಲ್ಲಿ ಇದ್ದ ಸೌಲಭ್ಯವು ಹುಟ್ಟಿದ ಊರಿನಲ್ಲಿ ಇರಲಿಲ್ಲ. 2011ರ ಜನಗಣತಿಯಲ್ಲಿಯೂ ಧಾರವಾಡ ಜಿಲ್ಲೆಯ ಸಿದ್ದಿಗಳು ಗಿರಿಜನರ ಲೆಕ್ಕಕ್ಕೆ ಬರಲಿಲ್ಲ.

ಇದು ಬರಿಯ ವಿದ್ಯಾರ್ಥಿವೇತನ, ನೌಕರಿಗಳ ಪ್ರಶ್ನೆಯಾಗಿದ್ದರೆ ಒಂದು ತೆರ. 2006ರ ಅರಣ್ಯಹಕ್ಕು ಕಾಯಿದೆಯು ಬಂದಾಗ ಅದು ನೆಲದ ಪ್ರಶ್ನೆಯೇ ಆಯಿತು. ಅರಣ್ಯವಾಸಿಗಳಿಗೆ ಐತಿಹಾಸಿಕವಾಗಿ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡ ಅಪರೂಪದ ಕಾಯಿದೆ ಅದು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಸ್ವಾಧೀನದಲ್ಲಿದ್ದ ನೆಲವನ್ನು, ನಾಲ್ಕು ಹೆಕ್ಟೇರುಗಳ ಮಿತಿಗೊಳಪಟ್ಟು, ಪರಿಶಿಷ್ಟ ಪಂಗಡದ ಅರಣ್ಯವಾಸಿಗೆ ಅದು ಮಾನ್ಯಮಾಡುತ್ತದೆ. ಆದರೆ ಪಂಗಡದ ಪಟ್ಟಿಯಲ್ಲಿಲ್ಲದ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಇನ್ನೊಂದು ಷರತ್ತುಂಟು: ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಮುಖ್ಯವಾಗಿ ಅರಣ್ಯದಲ್ಲಿ ವಾಸಿಸಿ ಅದನ್ನೇ ಅವಲಂಬಿಸಿದ್ದರೆಂದು ತೋರಿಸಬೇಕು. 1930ರ ದಾಖಲೆ! ಕಲಘಟಗಿಯ ಸಿದ್ದಿಗೆ ಆ ವರ್ಷದ ಕಾಗದವನ್ನು ಯಾರು ಕೊಡಬೇಕಿತ್ತು? ಆಗ ಅವನ ಅಜ್ಜನ ಹೆಸರನ್ನು ಅರಣ್ಯ ಇಲಾಖೆಯು ಬರೆದುಕೊಂಡಿದ್ದರೆ ಅದು ದಂಡ ವಸೂಲಿಯ ರಸೀದಿಯಲ್ಲಿ ಮಾತ್ರ. ದಂಡ ಕಟ್ಟಿದ ರಸೀದಿಯನ್ನು ಜೋಪಾನವಾಗಿ ಇಟ್ಟವರೇ ಜಾಣರೆಂಬ ಕಾಲ ಬಂದೀತೆಂದು ಆ ಅಜ್ಜನಿಗೆ ಹೇಗೆ ತಿಳಿಯಬೇಕಿತ್ತು? ಅದೇ ಅಡವಿಯ ಇನ್ನೊಂದು ಮಗ್ಗುಲಲ್ಲಿ ಅದೇ ಕುಲದವನಿಗೆ ಈ ಷರತ್ತಿರಲಿಲ್ಲ. ಹಕ್ಕು ಸಿಕ್ಕದವರನ್ನು ಒಕ್ಕಲೆಬ್ಬಿಸುವಂತೆ 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆಯು ಅದೇ ತಿಂಗಳ ಕೊನೆಗೆ ತಡೆಹಿಡಿಯಲ್ಪಟ್ಟಿತಾದರೂ, ಅಡವಿಯಂಚಿನ ಕೇರಿಗಳಲ್ಲಿ ಹುಟ್ಟಿದ ಭಯವನ್ನು ತಡೆಹಿಡಿಯುವ ಆಜ್ಞೆಯೆಲ್ಲಿಯದು?

ಕಂಸದೊಳಗಣ ಮಾತನ್ನು ತಿದ್ದಲು ಹದಿನೇಳು ವರ್ಷ ಹಿಡಿಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸುವ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ರಾಜ್ಯಸಭೆಯೂ 2020ರ ಫೆಬ್ರುವರಿಯಲ್ಲಿ ಲೋಕಸಭೆಯೂ ಅಂಗೀಕರಿಸಿದವು. ಅದೇ ವರ್ಷದ ಜುಲೈಯಲ್ಲಿ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡು, ಆ ಸದನದಲ್ಲಿ ಕುಳಿತ ಮೊದಲ ಸಿದ್ದಿಯಾದರು.

ಹೊರಗಿನಿಂದ ಬಂದ ಜನ ಗಿರಿಜನರಾಗುವುದು ಹೇಗೆಂದು ಕೇಳುವವರು ಈಗಲೂ ಇದ್ದಾರೆ. ಅವರಿಗೆ ದಕ್ಷಿಣ ಅಮೆರಿಕದ ಸುರಿನಾಮಿನ ಒಂದು ಮೊಕದ್ದಮೆಯನ್ನು ತೋರಿಸಬಹುದು. ಅಲ್ಲಿಯ ಸಾರಾಮಾಕರೂ ಸಿದ್ದಿಗಳ ಹಾಗೆ ಆಫ್ರಿಕದಿಂದ ದಾಸರಾಗಿ ಒಯ್ಯಲ್ಪಟ್ಟು, ಡಚ್ಚರ ತೋಟಗಳಿಂದ ಓಡಿ, ಒಳನಾಡಿನ ದಟ್ಟಡವಿಯನ್ನು ಸೇರಿದವರ ಸಂತತಿ. ಸಿದ್ದಿಗಳಿಗಿಂತ ಅವರು ಬಲಿಷ್ಠರು. ಹೋರಾಡಿ 1762ರಲ್ಲಿ ಡಚ್ಚರಿಂದ ಸಂಧಿಪತ್ರವನ್ನೇ ಬರೆಯಿಸಿಕೊಂಡರು. ಮುಂದೆ ಸುರಿನಾಮಿನ ಸರಕಾರವು ಅವರ ಅಡವಿಯನ್ನು ಮರ ಕಡಿಯುವವರಿಗೂ ಗಣಿಯವರಿಗೂ ಗುತ್ತಿಗೆ ಕೊಡಲಾರಂಭಿಸಿದಾಗ ವ್ಯಾಜ್ಯವು ಅಮೆರಿಕ ಖಂಡಗಳ ಮಾನವಹಕ್ಕು ನ್ಯಾಯಾಲಯಕ್ಕೆ ಹೋಯಿತು. 2007ರ ನವೆಂಬರಿನ ತೀರ್ಪಿನಲ್ಲಿ ಆ ನ್ಯಾಯಾಲಯವು ಸಾರಾಮಾಕರು ಆ ಪ್ರದೇಶದ ಮೂಲನಿವಾಸಿಗಳಲ್ಲವೆಂಬುದನ್ನು ಒಪ್ಪಿಕೊಂಡೇ, ಅವರ ಸಮಾಜ, ಸಂಸ್ಕೃತಿ, ಜೀವನೋಪಾಯಗಳೆಲ್ಲ ಆ ನೆಲದೊಡನೆ ಹೆಣೆದುಕೊಂಡಿರುವುದರಿಂದ ಬುಡಕಟ್ಟಿನವರಿಗೆ ಸಲ್ಲುವ ನೆಲದ ಹಕ್ಕು ಅವರಿಗೂ ಸಲ್ಲತಕ್ಕದ್ದೆಂದು ಹೇಳಿತು. ಅದೇ ವರ್ಷದ ಸಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತವು ಪರವಾಗಿ ಮತ ಹಾಕಿತಾದರೂ, ನಮ್ಮ ದೇಶದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ತನ್ನ ನಿಲುವನ್ನು ಬಿಡಲಿಲ್ಲ. ಎಲ್ಲರೂ ಮೂಲನಿವಾಸಿಗಳೆಂದ ಮೇಲೆ ಯಾರಿಗೂ ಬೇರೆಯಾಗಿ ಏನನ್ನೂ ಕೊಡಬೇಕಾಗುವುದಿಲ್ಲ, ಚಾತುರ್ಯದ ಮಾತು. ಯಾರು ಮೊದಲು ಬಂದರೆಂದು ಕೇಳುವುದಕ್ಕಿಂತ, ಯಾರ ದುಡಿಮೆಯೂ ಯಾರ ಸತ್ತವರೂ ಈ ಮಣ್ಣಿನಲ್ಲಿ ಸೇರಿಹೋಗಿವೆಯೆಂದು ಕೇಳುವುದೇ ನೇರವಾದ ದಾರಿಯೆಂದು ನನಗೆ ತೋರುತ್ತದೆ.

ಆ ಪ್ರಶ್ನೆಯನ್ನು ಕೇಳಿದರೆ ಸಿದ್ದಿಗಳ ನೆರೆಯವರಾದ ಗೌಳಿಗಳೂ ಉತ್ತರ ಕೊಡಬಲ್ಲರು. ಸಹ್ಯಾದ್ರಿಯ ಮರಾಠಿ ಸೀಮೆಯಿಂದ ಎಮ್ಮೆಗಳನ್ನು ಅಟ್ಟಿಕೊಂಡು, ಮೇವನ್ನೂ ನೀರನ್ನೂ ಅರಸುತ್ತ ದಕ್ಷಿಣಕ್ಕೆ ಇಳಿದುಬಂದ ಈ ಜನರು ಅಡವಿಯ ನಡುವಿನ ದಡ್ಡಿಗಳಲ್ಲಿ ವಾಸಿಸುತ್ತ, ಹಾಲುಬೆಣ್ಣೆಗಳನ್ನು ಊರಿಗೆ ಇಳಿಸಿ ಕಾಳುಕಡಿಯನ್ನು ಕೊಂಡೊಯ್ಯುತ್ತ ಬದುಕಿದವರು. ಮಹಾರಾಷ್ಟ್ರದ ಗೌಳಿ ಧನಗರರನ್ನು ಅಭ್ಯಸಿಸಿದ ಮಾಧವ ಗಾಡಗೀಳ ಮತ್ತು ಕೈಲಾಸ ಮಲ್ಹೋತ್ರಾ ಅವರು, ಮೇಲಿನ ಬೆಟ್ಟದ ಮಟ್ಟಗಳಲ್ಲಿ ಗೌಳಿಗಳೂ ಕೆಳಗಿನ ಕಣಿವೆಗಳಲ್ಲಿ ಕುಣಬಿಗಳೂ ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕದೆ ನೆಲವನ್ನು ಹಂಚಿಕೊಂಡಿದ್ದ ರೀತಿಯನ್ನು ವಿವರಿಸಿರುವರು. ದಸರೆಯು ಅವರಿಗೆ ದೊಡ್ಡ ಹಬ್ಬ. ಶಿಲಂಗಾನದ ದಿನ ಬಿಳಿಯ ನಿಲುವಂಗಿಗಳನ್ನು ತೊಟ್ಟು ಸುತ್ತುಗಟ್ಟಿ ಕುಣಿಯುವ ಅವರ ಕುಣಿತವನ್ನು ಕಲಘಟಗಿಯ ಕಡೆಯವರು ಕಂಡಿರುವರು. ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಬೇಕೆಂಬ ಅವರ ಬೇಡಿಕೆ ಬಹುಕಾಲದ್ದು, ಈಡೇರಿಲ್ಲ. ಜೊಯಿಡಾದ ಕುಣಬಿಗಳದೂ ಇದೇ ಪಾಡು. 2003ರಲ್ಲಿ ಗೋವೆಯ ಕುಣಬಿಗಳು ಅಲ್ಲಿಯ ಪಟ್ಟಿಗೆ ಸೇರಿದರು, ರಾಜ್ಯದ ಗಡಿಯ ಈಚೆಗಿನವರು ಹೊರಗುಳಿದರು.

ಕಾಯಿದೆಯಲ್ಲಿ ಇವರಿಗೆಲ್ಲ ಒದಗುವ ಒಂದು ಬಾಗಿಲಿದೆ, ಅದರ ಕಡೆಗೆ ನೋಡಿದವರು ಕಡಿಮೆ. ಅರಣ್ಯಹಕ್ಕಿನ ನಿಯಮಗಳಲ್ಲಿ ಹದಿಮೂರನೆಯದು ಸಾಕ್ಷ್ಯಗಳ ಪಟ್ಟಿಯನ್ನು ಕೊಡುತ್ತದೆ. ಗ್ಯಾಝೆಟಿಯರು, ಜನಗಣತಿ, ಸರ್ವೇ ವರದಿ, ಮತದಾರರ ಗುರುತಿನ ಚೀಟಿಗಳಲ್ಲದೆ, ಮನೆ, ಗುಡಿಸಲು, ಬದು, ಒಡ್ಡುಗಳಂತಹ ಭೌತಿಕ ಕುರುಹುಗಳು, ಹಳೆಯ ಬಾವಿ, ಸ್ಮಶಾನ, ದೈವದ ಸ್ಥಾನಗಳು, ಪೂರ್ವಿಕರ ವಂಶಾವಳಿ, ಹಾಗೂ ಹಕ್ಕುದಾರನಲ್ಲದ ಊರ ಹಿರಿಯನೊಬ್ಬನು ಬಾಯಿಂದ ಹೇಳಿ ಬರೆಯಿಸಿದ ಹೇಳಿಕೆ ಇವೆಲ್ಲವೂ ಅದರಲ್ಲಿ ಸಾಕ್ಷ್ಯಗಳೇ. ಇಂತಹುದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿಯು ಮೇಲಿನ ಸಮಿತಿಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ವಿಂಗೇಟನ ದಫ್ತರದಲ್ಲಿ ಇಲ್ಲದಿದ್ದ ಕಲಮು ಕೊನೆಗೂ ಬಂದಿತೆಂದು ಹೇಳಬೇಕು. ಅದನ್ನು ತುಂಬುವವರು ಬೇಕಾಗಿದ್ದಾರೆ.

ಮೊದಲ ಅಧಿಕಾರವು ಗ್ರಾಮಸಭೆಯದು, ಅಲ್ಲಿ ಆರಿಸಿದ ಅರಣ್ಯಹಕ್ಕು ಸಮಿತಿಯದು. ಆ ಸಮಿತಿಯವರು ಪುಸ್ತಕವೊಂದನ್ನು ಹಿಡಿದು, ಧಾರವಾಡದ ವಿಶ್ವವಿದ್ಯಾಲಯದ ಮಾನವಶಾಸ್ತ್ರ, ಜಾನಪದ ವಿದ್ಯಾರ್ಥಿಗಳ ನಾಲ್ಕಾರು ಜೊತೆ ಕೈಗಳನ್ನು ಕೂಡಿಸಿಕೊಂಡು, ಕೇರಿಕೇರಿಗೆ ಹೋಗಿ ಗೋರಿಗಳನ್ನೂ ಬಾವಿಗಳನ್ನೂ ಎಣಿಸಿ, ವಂಶಾವಳಿಗಳನ್ನು ಬರೆದುಕೊಳ್ಳಬೇಕು. ಸಿದ್ದಿಗೆ ಈಗ 2005ರ ಸ್ವಾಧೀನವನ್ನು ತೋರಿಸಿದರೆ ಸಾಕು, ಅವಸರವಿರುವುದು ಗೌಳಿಗೆ. ಅವನು 1930ರ ತನಕ ಹಿಂದಕ್ಕೆ ಹೋಗಬೇಕು, ಆ ಕಾಲದ ದಡ್ಡಿಗಳನ್ನು ಕಂಡವರು ಇಲ್ಲವೆ ತಂದೆಯ ಬಾಯಿಂದ ನೇರವಾಗಿ ಕೇಳಿದವರು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಬರೆದುಕೊಳ್ಳುವ ಕೆಲಸವನ್ನು ಗೌಳಿ ದಡ್ಡಿಗಳಿಂದಲೇ, ಈ ಮಳೆಗಾಲಕ್ಕೆ ಮುಂಚೆಯೇ ಆರಂಭಿಸುವುದು ಒಳಿತು.